ಹಾಲಿಗೆ ರಾಮಾಯಿ ಇಟ್ಟ ಹೆಸರು

ಮನೆಮಾತು ಕನ್ನಡ, ಹೆಸರು ತಮಿಳ್‌ಸೆಲ್ವಿ. ಕೊಯಮತ್ತೂರು ಬಳಿಯ ಸೂಲೂರಿನಿಂದ ನಾಲ್ಕು ಮೈಲಿ ಒಳಗಿರುವ ಆ ಹಳ್ಳಿಯಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅಲ್ಲಿಯ ಕನ್ನಡ ಒಕ್ಕಲು ಮನೆಗಳಲ್ಲಿ ಮುದ್ದು, ಮುನಿಸು, ಬೈಗುಳ ಎಲ್ಲ ಕನ್ನಡದಲ್ಲಿ; ಶಾಲೆ, ಸಂತೆ, ಬಸ್ಸು, ಪೊಲೀಸು ತಮಿಳಿನಲ್ಲಿ. ಕನ್ನಡ ಅಕ್ಷರ ಜಿಲೇಬಿ ಸುತ್ತಿದ ಹಾಗಿರುತ್ತದೆ ಎನ್ನುವಷ್ಟು ಮಾತ್ರ ತಮಿಳ್‌ಸೆಲ್ವಿಗೆ ಗೊತ್ತು. ಕನ್ನಡ ಬರೆಯಬೇಕಾದರೆ ತಮಿಳು ಅಕ್ಷರದಲ್ಲೇ ಬರೆಯುತ್ತಾಳೆ.

ನಲವತ್ಮೂರು ವರ್ಷದ ಈ ಹೆಂಗಸಿನ ಬಗ್ಗೆ ಒಳ್ಳೆಯ ಮಾತು ಬೇಕಾದಷ್ಟಿವೆ. ನೂಲಿನ ಗಿರಣಿಯಲ್ಲಿ ಹನ್ನೊಂದು ವರ್ಷ ದುಡಿದಳು, ಒಂದು ದಿನ ತಡವಾಗಿ ಹೋದವಳಲ್ಲ. ಮಹಿಳಾ ಸಂಘವನ್ನು ಆರು ವರ್ಷ ನಡೆಸಿದಳು, ಒಬ್ಬರ ಕೈಲೂ ಮಾತು ಅನ್ನಿಸಿಕೊಂಡವಳಲ್ಲ. ಆದರೆ ಹುಟ್ಟಿದಾಗಿನಿಂದ ಹೊಟ್ಟೆಕಿಚ್ಚು. ನಾದಿನಿಗೆ ತಂದ ಸೀರೆಯ ಅಂಚು ತನ್ನದಕ್ಕಿಂತ ಅರ್ಧ ಬೆರಳು ಅಗಲವಿದ್ದರೆ ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ನಿನಗೆ ಬೆಂಕಿಪೊಟ್ಟಣ ಬೇಡ, ಒಲೆ ಮುಂದೆ ಕೂತರೆ ಸಾಕು, ಹತ್ತಿಕೊಳ್ಳುತ್ತೆ" ಎಂದು ಗಂಡ ಲಿಂಗಸಾಮಿ ತಮಾಷೆ ಮಾಡುತ್ತಿದ್ದ. ಹಾಗಂದ ತಪ್ಪಿಗೆ ಅವನಿಗೂ ಎರಡು ದಿನ ತಣ್ಣನೆಯ ಅನ್ನ ಸಿಗುತ್ತಿತ್ತು.

ಎರಡು ವರ್ಷದ ಹಿಂದೆ ಸೂಲೂರಿನ ಜವಳಿ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಒಂದು ಆಫೀಸು ತೆರೆಯಿತು. ಏಳು ದೇಶಗಳು ಕೂಡಿ ಮಾಡಿಕೊಂಡ ಒಪ್ಪಂದದ ಕೆಲಸ. ಅಕ್ಷರದಲ್ಲಿ ಹೆಚ್ಚು ಬಾರದ ಮನೆಮಾತುಗಳನ್ನು ಜನರ ಬಾಯಿಂದಲೇ ಕೇಳಿ ಕಂಪ್ಯೂಟರಿಗೆ ಕಲಿಸುವುದು. ನಾಳೆ ಆಸ್ಪತ್ರೆಯಲ್ಲೋ ರೇಷನ್ ಆಫೀಸಿನಲ್ಲೋ ಮುದುಕಿಯೊಬ್ಬಳು ತನ್ನ ಮಾತಿನಲ್ಲಿ ಕೇಳಿದರೆ ಯಂತ್ರಕ್ಕೆ ಅರ್ಥವಾಗಬೇಕು. ಊರವರು ಅದಕ್ಕೆ ಏಳು ನಾಡು ಆಫೀಸು ಎಂದು ಹೆಸರಿಟ್ಟರು. ಏಳು ದೇಶಕ್ಕೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಕಡಿಮೆ, ಹಾಗಾಗಿ ಕಟ್ಟುಪಾಡು ಜಾಸ್ತಿ. ಮಾತಾಡಿದವರ ಹೆಸರು, ಊರು, ಗುರುತು ಹಿಡಿಯಬಹುದಾದ ಏನೇ ಇದ್ದರೂ ಅಳಿಸಬೇಕು. ದನಿಯನ್ನೂ ಯಂತ್ರದಿಂದ ಬದಲಿಸಬೇಕು. ಕೊಟ್ಟವರು ಬೇಡವೆಂದ ದಿನ ಏಳು ದೇಶದಿಂದಲೂ ಅದನ್ನು ತೆಗೆದುಹಾಕಬೇಕು. ಸಂಬಂಧಿಕರ ಮಾತನ್ನು ಸಂಬಂಧಿಕರೇ ದಾಖಲಿಸಬಾರದು. ಕೇಳುವಾಗ ಗುರುತಿನ ದನಿ ಅನ್ನಿಸಿದರೆ ಆ ಫೈಲನ್ನು ಅಲ್ಲೇ ಬಿಟ್ಟು ಮೇಲಿನವರಿಗೆ ಹೇಳಬೇಕು.

ಇದನ್ನೆಲ್ಲ ಹಳ್ಳಿಹಳ್ಳಿಗೆ ಹೋಗಿ ಮುದುಕಿಯರಿಗೆ ಬಿಡಿಸಿ ಹೇಳಿದವಳು ತಮಿಳ್‌ಸೆಲ್ವಿ. ಬಾಯಿ ಬಿಡದವರ ಬಾಯಿ ಬಿಡಿಸಿದವಳೂ ಅವಳೇ. ಹಾಗಾಗಿ ಕನ್ನಡ ವಿಭಾಗದ ಮೇಲ್ವಿಚಾರಕಿಯ ಜಾಗ ತನ್ನದೇ ಎಂದು ನಂಬಿದ್ದಳು. ಆಫೀಸು ನೋಡಿಕೊಳ್ಳುವ ಪ್ರೇಮ್ ಕುಮಾರ್ ಕೂಡ ಹೂಂ ಎಂದೇ ಹೇಳಿದ್ದ. ಆದರೆ ಮೇಲಿನಿಂದ ಬಂದ ಕಾಗದ ಬೇರೆ ಹೇಳಿತು: ಆ ಜಾಗದವರಿಗೆ ಕನ್ನಡ ಓದಲು ಬರೆಯಲು ಬರಬೇಕು. ಹದಿನೈದೇ ದಿನದಲ್ಲಿ ತುಮಕೂರಿನಿಂದ ಹಿನಾ ಬಂದಳು.

ಹಿನಾಳಿಗೆ ಇಪ್ಪತ್ತಾರು. ಭಾಷಾಶಾಸ್ತ್ರ ಓದಿದವಳು, ಮಾತು ನಯ, ನಡತೆ ಚೊಕ್ಕ. ಮೊದಲ ದಿನವೇ "ಸೆಲ್ವಿ ಅಕ್ಕಾ, ನನಗೆ ಇಲ್ಲಿಯ ಕನ್ನಡ ಏನೂ ಗೊತ್ತಿಲ್ಲ, ನೀವೇ ಕಲಿಸಬೇಕು" ಎಂದಳು. ತಪ್ಪು ಹುಡುಕೋಣವೆಂದರೆ ಸಿಗದ ಹುಡುಗಿ. ತಮಿಳ್‌ಸೆಲ್ವಿಗೆ ಮೈ ಉರಿದದ್ದು ಅದಕ್ಕೇ. ಸೊಕ್ಕಿನವಳಾಗಿದ್ದರೆ ಹಾಯಾಗಿ ಬೈದುಕೊಂಡು ಇರಬಹುದಿತ್ತು.

ಊರವರಂತೂ ಆ ಹುಡುಗಿ ಬಾಯಿ ತೆರೆದರೆ ಸಾಕು, ಸುತ್ತ ಕೂತುಬಿಡುತ್ತಿದ್ದರು. ಇಪ್ಪತ್ತು ತಲೆಮಾರಿನ ಹಿಂದೆ ಬಿಟ್ಟು ಬಂದ ನಾಡಿನ ಕನ್ನಡವಂತೆ. "ಎಷ್ಟು ಅಳಗಾಗಿ ಪೇಸ್ತಾಳೆ ನೋಡು! ನಮ್ಮದೂ ಒಂದು ಪೇಚ್ಚಾ?" ಎಂದು ಪಕ್ಕದ ಮನೆಯ ಕಮಲಾತಾಳ್ ಹಿನಾಳ ಗಲ್ಲ ಹಿಡಿದು ಅವಳ ಮಾತಿನ ಚೆಂದ ಹೊಗಳಿದಳು. ನಲವತ್ಮೂರು ವರ್ಷ ಇದೇ ಬೀದಿಯಲ್ಲಿ ಕನ್ನಡ ಮಾತಾಡಿದ ತಮಿಳ್‌ಸೆಲ್ವಿಯ ಗಲ್ಲ ಒಬ್ಬರೂ ಹಿಡಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಸಮಾಧಾನ ಮಾಡಿಕೊಳ್ಳುವ ಜಾತಿ ಅವಳದಲ್ಲ.

ಅಷ್ಟರಲ್ಲಿ ಅವಳ ತಾಯಿ ರಾಮಾಯಿಯೂ ದನಿ ಕೊಡುತ್ತೇನೆಂದಳು. ಮಗಳು ದಾಖಲಿಸುವ ಹಾಗಿಲ್ಲ, ಹಿನಾಳೇ ಹೋದಳು. ಮೂರು ಮಧ್ಯಾಹ್ನ ರಾಮಾಯಿಯ ಜಗಲಿಯಲ್ಲಿ ಕೂತು ಬಂದಳು. ನಾಲ್ಕನೆಯ ದಿನ ಬಸ್ಸು ಇಳಿದಾಗ ಅವಳ ಮುಡಿಯಲ್ಲಿ ರಾಮಾಯಿ ಕಟ್ಟಿದ ಕನಕಾಂಬರವಿತ್ತು. ತಮಿಳ್‌ಸೆಲ್ವಿ ಅದನ್ನು ನೋಡಿದಳು, "ಹೂವು ಚೆನ್ನಾಗಿದೆ" ಎಂದು ಕಂಪ್ಯೂಟರಿನ ಕಡೆ ತಿರುಗಿದಳು.

ಇಲ್ಲಿ ರಾಮಾಯಿಯ ಒಂದು ವಿಷಯ ಹೇಳಲೇಬೇಕು. ಅವಳ ಗಂಡನ ಹೆಸರು ಹಾಲಪ್ಪ. ತಮಿಳಿನಲ್ಲಿ ಹಕಾರಕ್ಕೆ ಅಕ್ಷರವಿಲ್ಲದ್ದರಿಂದ ರೇಷನ್ ಕಾರ್ಡಿನಲ್ಲಿ ಅವನು ಆಲಪ್ಪನ್. ಊರಿನ ತಮಿಳರ ಬಾಯಲ್ಲಿ ಪಾಲಪ್ಪನ್. ಗಂಡನ ಹೆಸರು ಹೇಳಬಾರದು ಎಂಬ ಪದ್ಧತಿ ಆ ಕಾಲದ ಹೆಂಗಸರಲ್ಲಿ ಎಲ್ಲರಿಗೂ ಇತ್ತು. ರಾಮಾಯಿ ಅದನ್ನು ತುದಿ ಮುಟ್ಟಿಸಿದವಳು. ಗಂಡನ ಹೆಸರಿನೊಳಗೆ ಹಾಲು ಇದೆಯೆಂದು ಮದುವೆಯಾದ ದಿನದಿಂದ ಹಾಲು ಎನ್ನುವ ಮಾತನ್ನೇ ಬಿಟ್ಟಳು; ಅದರ ತಮಿಳು ಮಾತಾದ ಪಾಲು ಎನ್ನುವುದನ್ನೂ ಬಿಟ್ಟಳು. ಹಾಲಿಗೆ ಅವಳು ಇಟ್ಟುಕೊಂಡ ಹೆಸರು 'ಬಿಳೀದು'. "ಬಿಳೀದು ಉಕ್ಕುತ್ತೆ, ನೋಡು." "ಸೊಸೈಟಿಗೆ ಬಿಳೀದು ಊತ್ತಿ ಬಾ." ತಮಿಳ್‌ಸೆಲ್ವಿ ಚಿಕ್ಕವಳಿದ್ದಾಗ ಅದೇ ನಿಜವಾದ ಹೆಸರೆಂದು ತಿಳಿದು, ಕಮಲಾತಾಳ್ ಮನೆಯಲ್ಲಿ "ಒಂದು ಲೋಟ ಬಿಳೀದು ಕೊಡಿಂಗ" ಎಂದು ಕೇಳಿ ನಗೆಪಾಟಲಾಗಿದ್ದಳು. ಸುತ್ತ ಹತ್ತು ಹಳ್ಳಿಯಲ್ಲಿ ಹಾಗೆ ಹೇಳುವವಳು ರಾಮಾಯಿ ಒಬ್ಬಳೇ. ಊರಿಗೆಲ್ಲ ಗೊತ್ತು.

ಫೈಲುಗಳಿಗೆ ಬರೀ ನಂಬರು, ಯಾರಿಗೆ ಯಾವುದೆಂದು ಯಂತ್ರವೇ ಹಂಚುತ್ತದೆ. ಹಿನಾ ಕೇಳಿ, ಬರೆದು, ಗುರುತು ಅಳಿಸಿದ ಮೇಲೆ ಇನ್ನೊಬ್ಬರು ಪರೀಕ್ಷಿಸಿ "ಯಾರ ಗುರುತೂ ಉಳಿದಿಲ್ಲ" ಎಂದು ಒಪ್ಪಿಗೆ ಒತ್ತಬೇಕು. ಒಂದು ಗುರುವಾರ ಬೆಳಿಗ್ಗೆ ತಮಿಳ್‌ಸೆಲ್ವಿಯ ಪಾಲಿಗೆ ಬಂದ ಹನ್ನೆರಡು ಫೈಲುಗಳಲ್ಲಿ ಏಳನೆಯದನ್ನು ತೆರೆದಳು. ದನಿ ಬದಲಾಗಿತ್ತು, ಯಾರೋ ಗಂಡಸಿಗೆ ನೆಗಡಿಯಾದ ಹಾಗೆ. ಎರಡನೆಯ ಮಾತಿನಲ್ಲೇ ಬಿಳೀದು ಬಂತು. ಕೈ ಅಲ್ಲೇ ನಿಂತಿತು.

ಬಿಟ್ಟು ಎದ್ದು ಹೇಳಬೇಕಿತ್ತು. ನಿಯಮ ಅವಳಿಗೆ ಬಾಯಿಪಾಠ. ಊರಿಗೆಲ್ಲ ಹೇಳಿಕೊಟ್ಟವಳೇ ಅವಳು. ಆದರೆ ಮೂರು ಮಧ್ಯಾಹ್ನ ಆ ಹುಡುಗಿಗೆ ಅವ್ವ ಹೇಳಿದ್ದೇನು? ತಮಿಳ್‌ಸೆಲ್ವಿ ಕೇಳಿದಳು.

ನಿಮ್ಮ ಬದುಕಿನಲ್ಲಿ ಖುಷಿಯ ದಿನ ಯಾವುದು ಎಂದು ಹಿನಾ ಕೇಳಿದ್ದಳು. ಅಳಿಸಿದ ಊರಿನ ಜಾಗದಲ್ಲಿ ಕೀ ಎಂಬ ಸದ್ದು, ಉಳಿದದ್ದೆಲ್ಲ ಸ್ಪಷ್ಟ. "ಒಂದು ಸಲ ಮನೇಲಿ ಸಂಡೆ-ಜಗಳ ಆಗಿ ಪುರಪಟ್ಟು ಹೋದೆ, ಅಮ್ಮಿಣಿ. ಬನಿಯನ್ ಕಂಪನಿಗೆ. ಎಟ್ಟು ತಿಂಗಳು ಇದ್ದೆ. ಬನಿಯನ್ ಮಡಿಚಿ ಡಬ್ಬೀಲಿ ಹಾಕೋ ವೇಲೆ. ನಾಲ್ಕು ಜನ ಹೆಂಗಸರು ಒಂದು ರೂಮು. ಕಾಲೈಲಿ ಎದ್ದು ಟೀ ಅಂಗಡಿಗೆ ಹೋಗಿ, ಬಿಳೀದು ಜಾಸ್ತಿ ಹಾಕಿಸಿ, ನನಗೆ ಅಂತ ಒಂದು ಟೀ ವಾಂಗಿ ಕುಡೀತಿದ್ದೆ. ಮನೇಲಿ ಎರಡು ಎಮ್ಮೆ ಇದ್ದೂ ನನಗೆ ಬಿಳೀದು ಮಿಕ್ಕಿದ್ದಿಲ್ಲ. ಅದೇ ಖುಷಿ. ಊರಲ್ಲಿ ಕಾಮಾಲೆ ಬಂದು ತಾಯಿಮನೇಲಿ ಇದಾಳೆ ಅಂತ ಹೇಳಿದ್ರು. ಮಗಳು ಇದ್ದಳು, ಆರು ವಯಸ್ಸು. ನೆನಪು ಬರ್ತಿತ್ತು. ಬಂದ್ರೂ ಖುಷಿಯಾ ತಾನ್ ಇದ್ದೆ."

ತಮಿಳ್‌ಸೆಲ್ವಿ ಅಲ್ಲಿಗೆ ನಿಲ್ಲಿಸಿದಳು.

ಆ ಕಾಮಾಲೆ ಅವಳಿಗೆ ನೆನಪಿತ್ತು. ಆರು ವರ್ಷದ ಹುಡುಗಿ ಎಂಟು ತಿಂಗಳು ದಿನಾ ಸಂಜೆ ಬಸ್ಸು ನೋಡುತ್ತ ನಿಂತಿದ್ದಳು. ಅವ್ವ ಸಾಯಬಾರದು ಎಂದು ಮಾರಿಯಮ್ಮನಿಗೆ ಹರಕೆ ಹೊತ್ತಿದ್ದಳು. ಅವ್ವ ಖುಷಿಯಾಗಿದ್ದಳಂತೆ. ಬನಿಯನ್ ಕಂಪನಿ ಎಂದರೆ ತಿರುಪ್ಪೂರೇ; ಅಲ್ಲಿ ಟೀ ಕುಡಿಯುತ್ತಿದ್ದಳಂತೆ. ಅದನ್ನು ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹೇಳದೆ, ಮೊನ್ನೆ ಬಸ್ಸಿಳಿದು ಬಂದವಳಿಗೆ ಹೇಳಿ, ಮೇಲೆ ಹೂವು ಬೇರೆ ಮುಡಿಸಿದ್ದಾಳೆ. ಅಳು ಬಂದಿದ್ದರೆ ಒಳ್ಳೆಯದಿತ್ತು, ಬಂದದ್ದು ಸಿಟ್ಟು.

ಅದೇ ಹೊತ್ತಿಗೆ ಹಿನಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದಳು. ಕಣ್ಣು ಅರಳಿತ್ತು. "ಅಕ್ಕಾ, ಒಂದು ಕೇಳ್ಬೇಕಿತ್ತು. ನಿಮ್ಮ ಕಡೆ ಹಾಲಿಗೆ ಬಿಳೀದು ಅಂತಾರಾ? ನಾನು ಎಲ್ಲೂ ಕೇಳೇ ಇಲ್ಲ ಈ ಪದ. ಇದು ಇಲ್ಲಿಯ ಹಳೇ ಪದ ಇರ್ಬೇಕು, ಅಲ್ವಾ?"

ಒಂದು ಮಾತು ಸಾಕಿತ್ತು. ಇಲ್ಲ ಅಮ್ಮಿಣಿ, ಅದು ಪದವಲ್ಲ, ನಮ್ಮಪ್ಪನ ಹೆಸರು, ಅಳಿಸು. ಅಷ್ಟು ಹೇಳಿದ್ದರೆ ಹಿನಾ ಅಲ್ಲೇ ತಿದ್ದುತ್ತಿದ್ದಳು, ಮೇಲಿನವರ ಮುಂದೆ ಇನ್ನಷ್ಟು ಒಳ್ಳೆಯವಳಾಗುತ್ತಿದ್ದಳು. ತಮಿಳ್‌ಸೆಲ್ವಿ ಪರದೆಯಿಂದ ಕಣ್ಣು ಕೀಳದೆ, "ಹೂಂ. ಹಳಬರು ಹಾಗೇ ತಾನೆ ಹೇಳ್ತಾರೆ" ಎಂದಳು. ಒಪ್ಪಿಗೆ ಒತ್ತಿದಳು.

ಅವಳ ಲೆಕ್ಕಾಚಾರ ಇಷ್ಟೇ: ಮುಂದಿನ ತಿಂಗಳು ಏಳು ದೇಶದವರು ಕೊಯಮತ್ತೂರಿಗೆ ಬರುತ್ತಾರೆ. ಈ ಹುಡುಗಿ ಎಲ್ಲರೆದುರು ಬಿಳೀದನ್ನು ದೊಡ್ಡ ಸಂಶೋಧನೆ ಎಂದು ಮೆರೆಸುತ್ತಾಳೆ. ಆಗ ತಾನು ಎದ್ದು, ಅದು ಭಾಷೆಯೂ ಅಲ್ಲ ಗೀಷೆಯೂ ಅಲ್ಲ, ಒಬ್ಬ ಮುದುಕಿಯ ನಾಚಿಕೆ ಎಂದು ಹೇಳಿಬಿಡುವುದು. ಅಕ್ಷರ ಬಂದವಳಿಗೆ ಮಾತು ಬರುವುದಿಲ್ಲ ಎಂದು ಏಳು ದೇಶಕ್ಕೂ ಗೊತ್ತಾಗಲಿ. ಆ ಮುದುಕಿ ಯಾರು ಎಂದು ಯಾರಾದರೂ ಕೇಳಿದರೆ? ಅದನ್ನು ಅವಳು ಯೋಚಿಸಲೇ ಇಲ್ಲ ಎಂದರೆ ಸುಳ್ಳಾದೀತು. ಯೋಚಿಸಿದಳು. ಗೊತ್ತಾದರೆ ಆಗಲಿ, ಎಂಟು ತಿಂಗಳು ಬಸ್ಸು ನೋಡುತ್ತ ನಿಂತವಳು ನಾನು ಎಂದೂ ಅನ್ನಿಸಿತು.

ಆ ತಿಂಗಳು ಅವಳು ತಾಯಿಯ ಮನೆಗೆ ಮೂರು ಸಲ ಹೋದಳು. ರಾಮಾಯಿ ಕಾಫಿ ಕೊಟ್ಟಾಗ ಸುಮ್ಮನೆ ಕುಡಿದು ಬಂದಳು. "ಏಕೆ ಮೂಂಜಿ ಹಾಗೆ ಇಟ್ಟಿದ್ದೀಯೆ?" ಎಂದು ತಾಯಿ ಕೇಳಿದರೆ ತಲೆನೋವು ಎಂದಳು. ತಪ್ಪೇನಿದ್ದರೂ ಆ ಹುಡುಗಿಯದೇ, ಅಳಿಸದೆ ಬಿಟ್ಟವಳು ಹಿನಾಳೇ ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಕುಡಿಯುವುದು ಹೀಗೆಯೇ.

ಅವಿನಾಶಿ ರಸ್ತೆಯ ಹೋಟೆಲಿನ ಸಭಾಂಗಣದಲ್ಲಿ ಸಭೆ ನಡೆಯಿತು. ಕೆನ್ಯಾದ ಗಂಡಸು, ಫಿನ್ಲೆಂಡಿನ ಹೆಂಗಸು, ಬ್ರೆಜಿಲಿನವರು, ದೆಹಲಿಯ ಅಧಿಕಾರಿಗಳು. ಯಾವ ದೇಶ ಎಷ್ಟು ದಿನ ದನಿ ಇಟ್ಟುಕೊಳ್ಳಬಹುದು, ಕದ್ದು ಮಾರಿದರೆ ಯಾರ ಕೋರ್ಟು ಎಂದೆಲ್ಲ ಬೆಳಿಗ್ಗೆಯಿಂದ ವಾದ. ದನಿ ಕೊಟ್ಟ ಹಳ್ಳಿಯವರಿಗೆ ಗೌರವವೆಂದು ಇಪ್ಪತ್ತು ಜನರನ್ನು ವ್ಯಾನಿನಲ್ಲಿ ಕರೆತಂದು ಮೂರನೆಯ ಸಾಲಿನಲ್ಲಿ ಕೂರಿಸಿದ್ದರು. ಕಮಲಾತಾಳ್ ಪಕ್ಕದಲ್ಲಿ ರಾಮಾಯಿ, ಇಸ್ತ್ರಿ ಮಾಡಿದ ಸೀರೆ ಉಟ್ಟು. ಹಾಲಪ್ಪ ಎಮ್ಮೆಗೆ ಮೇವು ಹಾಕಬೇಕೆಂದು ಬಂದಿರಲಿಲ್ಲ.

ಹಿನಾ ವೇದಿಕೆ ಹತ್ತಿದಳು; ಕೇಳಿದ ಮಗಳಿಗೇ ಗುರುತು ಸಿಗದ ದನಿ ಇನ್ಯಾರಿಗೂ ಸಿಗದು ಎಂಬ ಧೈರ್ಯ ಅವಳದು. ಗುರುತು ಪೂರ್ತಿ ಅಳಿಸಿಯೂ ಮಾತಿನ ಸೊಗಸು ಉಳಿಸಬಹುದು ಎಂಬುದಕ್ಕೆ ಇದು ಮಾದರಿ ಎಂದು ಇಂಗ್ಲಿಷಿನಲ್ಲಿ ಹೇಳಿ, ಒಂದು ಗುಂಡಿ ಒತ್ತಿದಳು. ನೆಗಡಿಯಾದ ಗಂಡಸಿನ ದನಿ ಸಭಾಂಗಣ ತುಂಬಿತು. ಹಿಂದಿನ ಸಾಲಿನಲ್ಲಿದ್ದ ತಮಿಳ್‌ಸೆಲ್ವಿ ಸೆರಗು ಸರಿಮಾಡಿಕೊಂಡು, ಏಳಲು ಸಿದ್ಧಳಾಗಿ ಕುರ್ಚಿಯ ತುದಿಗೆ ಬಂದಳು.

"ಬಿಳೀದು ಜಾಸ್ತಿ ಹಾಕಿಸಿ..." ಎಂದಿತು ದನಿ. ಮೂರನೆಯ ಸಾಲಿನಲ್ಲಿ ಒಬ್ಬರ ತಲೆ ತಿರುಗಿತು. ಆಮೇಲೆ ನಾಲ್ಕು. ಕಮಲಾತಾಳ್‌ಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. "ಅಡೀ ರಾಮಾಯಿ! ಬಿಳೀದು ಅಂದ್ರೆ ಇದು ನೀನ್ ತಾನೆ! ಕಾಮಾಲೆ ಅಂದ್ರು, ಬನಿಯನ್ ಕಂಪನೀಲಾ ಇದ್ದೆ?"

ರಾಮಾಯಿ ಮಡಿಲಲ್ಲಿದ್ದ ಕೈಗಳನ್ನು ನೋಡುತ್ತ ಕೂತಳು. ದನಿ ಮುಂದೆ ಹೋಯಿತು. ತಮಿಳ್‌ಸೆಲ್ವಿ ಕೇಳದೆ ನಿಲ್ಲಿಸಿದ್ದ ಭಾಗ ಬಂತು.

"ಊರಿಗೆ ಗೊತ್ತಾದ್ರೂ ಪರವಾಯಿಲ್ಲೆ, ಅಮ್ಮಿಣಿ. ಏಳು ನಾಡಿಗೆ ತೆರಿಯಲಿ. ಆ ಮಗಳಿಗೆ ಮಾತ್ರ ತೆರಿಯಬಾರದು. ಅವಳಿಗೆ ಎಲ್ಲಾ ಮನಸ್ಸಿಗೆ ಹತ್ತುತ್ತೆ. ನನ್ನ ಬಿಟ್ಟು ಅವ್ವ ಖುಷಿಯಾ ಇದ್ದಳು ಅಂತ ಸಾಯೋವರೆಗೂ ಕೊರಗ್ತಾಳೆ. ಅವಳಿಗೋಸ್ಕರ ತಾನೆ ತಿರುಗಿ ಬಂದೆ, ಅದು ಅವಳಿಗೆ ಕಾಣದು. ಅವಳ ಕಿವಿಗೆ ಹೋಗದ ಹಾಗೆ ಮಾಡ್ತೀಯಾ?" "ಖಂಡಿತ ಅಜ್ಜಿ" ಎಂದಿತು ಹಿನಾಳ ದನಿ.

ತಮಿಳ್‌ಸೆಲ್ವಿ ಕುರ್ಚಿಯ ತುದಿಯಲ್ಲೇ ಉಳಿದಳು. ಏಳಲೂ ಆಗಲಿಲ್ಲ, ಹಿಂದೆ ಸರಿದು ಕೂರಲೂ ಆಗಲಿಲ್ಲ.

ವಿದೇಶದವರು ಚಪ್ಪಾಳೆ ತಟ್ಟಿದರು. ಅವರಿಗೆ ಮೂರನೆಯ ಸಾಲಿನ ಗುಜುಗುಜು ಸಂತೋಷದ್ದೆಂದು ಕಂಡಿರಬೇಕು. ಹಿನಾಳಿಗೆ ಮಾತ್ರ ಅರ್ಥವಾಯಿತು. ಮುಖ ಬಿಳಚಿಕೊಂಡು ವೇದಿಕೆಯಿಂದ ಇಳಿದು ಓಡಿ ಬಂದಳು. ರಾಮಾಯಿಯನ್ನು ಹೊರಗಿನ ಪಡಸಾಲೆಗೆ ಕರೆದುಕೊಂಡು ಹೋದಳು. ತಮಿಳ್‌ಸೆಲ್ವಿ ಹಿಂದೆ ಹೋದಳು, ಹೋಗದಿರಲು ಕಾಲು ಕೇಳಲಿಲ್ಲ.

"ಕ್ಷಮಿಸಿ ಅಜ್ಜಿ, ನನಗೆ ಗೊತ್ತಾಗ್ಲಿಲ್ಲ. ಆ ಪದ ನಿಮ್ಮೊಬ್ಬರದೇ ಅಂತ ಗೊತ್ತಾಗ್ಲಿಲ್ಲ." ಹಿನಾ ಅಳುತ್ತಿದ್ದಳು. ಆಮೇಲೆ ತಿರುಗಿ, ದೂರಿಗಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು: "ಸೆಲ್ವಿ ಅಕ್ಕಾ, ನೀವೇ ಅಲ್ವಾ ಈ ಫೈಲು ನೋಡಿದ್ದು? ನಾನು ಕೇಳಿದೆ, ಹಳಬರೆಲ್ಲ ಹಾಗೇ ಅಂತಾರೆ ಅಂದ್ರಿ. ಇವರು ನಿಮ್ಮ ಅಮ್ಮ. ನಿಮಗೆ ಗೊತ್ತಾಗ್ಲಿಲ್ವಾ?"

ರಾಮಾಯಿ ಮಗಳ ಕಡೆ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ನೋಡುವುದನ್ನು ನೋಡಿ ಮುಗಿಸಿದಳು.

"ಕೊಟ್ಟ ದನಿ ತಿರುಗಿ ವಾಂಗಬಹುದು ಅಂದಿದ್ಯಲ್ಲ ಅಮ್ಮಿಣಿ, ಅದಕ್ಕೆ ಏನು ಮಾಡಬೇಕು?" ಎಂದು ಹಿನಾಳನ್ನು ಕೇಳಿದಳು.

ಪ್ರೇಮ್ ಕುಮಾರ್ ಫಾರಂ ತಂದುಕೊಟ್ಟು ಅತಿಥಿಗಳ ಕಡೆ ಓಡಿದ. ಹಳ್ಳಿಯವರಿಗೆಂದು ಅಚ್ಚಾದ ಫಾರಂ ತಮಿಳಿನಲ್ಲಿತ್ತು. ಹಿನಾಳಿಗೆ ತಮಿಳು ಅಕ್ಷರ ಬಾರದು. ಪೆನ್ನು ತಮಿಳ್‌ಸೆಲ್ವಿಯ ಕೈಗೆ ಬಂತು. ತುಮಕೂರಿನವಳಿಗೆ ಬಾರದ ಕೆಲಸ ಕೊನೆಗೂ ಒಂದು ಸಿಕ್ಕಿತ್ತು. ನಂಬರು, ದಿನಾಂಕ ತುಂಬಿದಳು. ಏಳು ದೇಶದಲ್ಲೂ ಇಪ್ಪತ್ನಾಲ್ಕು ಗಂಟೆಯೊಳಗೆ ಅಳಿಸಬೇಕು ಎಂದಿತ್ತು. ಒಳಗಿನ ಮೂರನೆಯ ಸಾಲಿನಿಂದ ಅಳಿಸುವ ಬಗ್ಗೆ ಏನೂ ಇರಲಿಲ್ಲ. ವ್ಯಾನು ಊರು ತಲುಪುವ ಮೊದಲೇ ಟೀ ಅಂಗಡಿಗೆ ಫೋನು ಹೋಗುತ್ತದೆ, ಅಪ್ಪನ ಕಿವಿ ಮಂದವಿದ್ದರೂ ಕೂಗಿ ಹೇಳುವವರು ಇದ್ದೇ ಇರುತ್ತಾರೆ.

"ಕಾರಣ ಅಂತ ಒಂದು ಜಾಗ ಇದೆ" ಎಂದಳು ತಮಿಳ್‌ಸೆಲ್ವಿ ತಲೆ ಎತ್ತದೆ.

"ಕಾರಣ ಹೇಳಲೇಬೇಕು ಅಂತೇನಿಲ್ಲ ಅಜ್ಜಿ" ಎಂದಳು ಹಿನಾ.

"ಹೇಳ್ತೀನಿ. ಬರಿ. ಯಾರಿಗೆ ತೆರಿಯಬಾರದು ಅಂತ ಹೇಳಿ ಕೊಟ್ಟೆನೋ, ಅವಳೇ ಕೇಳಿಬಿಟ್ಟಳು. ಕೇಳಿ, ತೆರಿಞ್ಚೂ, ಊರು ಮುಂದೆ ಬಿಟ್ಟಳು."

ತಮಿಳ್‌ಸೆಲ್ವಿ ಬರೆದಳು. ರಾಮಾಯಿ ಓದಲು ಬಾರದವಳು, "ಓದು" ಎಂದಳು. ತಮಿಳ್‌ಸೆಲ್ವಿ ಓದಿದಳು: "ತಿಳಿಯಬಾರದಾಗಿದ್ದ ಒಬ್ಬರಿಗೆ ತಿಳಿಯಿತು. ತಿಳಿದೂ ಅವರು ಹೇಳಲಿಲ್ಲ."

"ಒಬ್ಬರು ಅಂದರೆ ಯಾರು?"

"ಹೆಸರು ಹಾಕಬಾರದು ಅವ್ವಾ. ಏಳು ನಾಡಿನ ರೂಲ್ಸು. ಗುರುತು ಇರಬಾರದು."

"ಆ ರೂಲ್ಸು ನನ್ನ ಕಾಪಾಡಕ್ಕೆ ತಾನೆ? ಕಾಪಾಡಿದ್ದು ಸಾಕು. ಹೆಸರು ಹಾಕು."

ಐವತ್ತು ವರ್ಷ ಒಂದು ಹೆಸರಿಗೆ ಹೆದರಿ ಹಾಲನ್ನು ಹಾಲು ಅನ್ನದಿದ್ದ ಬಾಯಿ, ಮಗಳ ಹೆಸರನ್ನು ಒಂದೊಂದಕ್ಷರ ಬಿಡಿಸಿ ಹೇಳಿತು. ತಮಿಳ್‌ಸೆಲ್ವಿ 'ಒಬ್ಬರು' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ತನ್ನ ಹೆಸರನ್ನು ಬರೆದಳು.

ರಾಮಾಯಿ ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಳು. ಎಲ್ಲಿ ಒತ್ತಬೇಕೆಂದು ತೋರಿಸಲು ತಮಿಳ್‌ಸೆಲ್ವಿ ಕೈ ಮುಂದೆ ಮಾಡಿದಳು. ರಾಮಾಯಿ ಆ ಕಡೆ ನೋಡದೆ, "ಎಲ್ಲಿ ಒತ್ತಲಿ, ನನ್ನ ಕಣ್ಣೇ?" ಎಂದು ಹಿನಾಳನ್ನು ಕೇಳಿದಳು.